ಟೈಲರ್ ಅಂಗಡಿಯ ಮುಂದಿನ ಗುಂಡಿ

ರಾಜಧಾನಿ, ಹೊಸ ಬಡಾವಣೆ
ಜೂನ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳು ಗಿಣಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದ. ಹೆರಿಗೆಯ ಸುಸ್ತು ಇಳಿಯಿತೇ? ಹೊಟ್ಟೆತುಂಬ ಉಣ್ಣುತ್ತಿದ್ದೀಯಾ? ಮರಿಗಿಣಿ ಹಾಲು ಕುಡಿದು ಮಲಗುತ್ತಾಳೋ, ಚಿಕ್ಕಂದಿನಲ್ಲಿ ನೀನು ಮಾಡಿದ ಹಾಗೆ ಮನೆಯವರಿಗೆಲ್ಲ ಜಾಗರಣೆ ಮಾಡಿಸುತ್ತಾಳೋ? ಮೂರು ತಿಂಗಳ ಕೂಸನ್ನು ಕರೆದುಕೊಂಡು ಶುಕ್ರವಾರ ಬರುತ್ತೇನೆಂದು ಬರೆದಿದ್ದೀಯ. ನಿಮ್ಮಮ್ಮ ಆಗಲೇ ಮೆತ್ತನೆಯ ಬಟ್ಟೆಗಳನ್ನು ಹುಡುಕಿ ಮಡಿಸಿಡುತ್ತಿದ್ದಾಳೆ.

ಆದರೆ ಈ ಊರು, ಥೂ, ಇದನ್ನು ಊರೆನ್ನಲು ಬಾಯಿ ಬರುವುದಿಲ್ಲ. ನೀನು ಮದುವೆಯಾಗಿ ಹೋದಾಗ ನಮ್ಮ ಬೀದಿಯಲ್ಲಿ ನಲವತ್ತು ಮನೆಗಳಿದ್ದವು. ಈಗ ನಾಯಿಕೊಡೆಗಳಂತೆ ಎದ್ದ ಕಟ್ಟಡಗಳಲ್ಲಿ ನಾನೂರು ಸಂಸಾರಗಳಿವೆ. ಚರಂಡಿ ಮಾತ್ರ ಅದೇ ನಲವತ್ತು ಮನೆಯದ್ದು. ಎದುರಿನ ಆರಂತಸ್ತಿನವರು ಕಸದ ಚೀಲವನ್ನು ಕಿಟಕಿಯಿಂದಲೇ ಎಸೆಯುತ್ತಾರೆ. ಮೊನ್ನೆ ಒಂದು ನಿಮ್ಮಮ್ಮನ ಭುಜಕ್ಕೇ ಬಡಿಯಿತು. ತಲೆಯೆತ್ತಿ ಕೇಳಿದರೆ, ನೋಡ್ಕೊಂಡು ನಡೀಬಾರ್ದಾ ಅಂದಳಂತೆ ಮೇಲಿನಾಕೆ. ಅದೆಲ್ಲ ಹಾಳಾಗಲಿ, ಈಗ ನಲ್ಲಿಯ ನೀರೇ ನಾರುತ್ತಿದೆ. ಟೈಲರ್ ಅಂಗಡಿಯ ಆಚೆ ನೀರು ತಿಳಿಯಾಗಿದೆ. ಅಂಗಡಿಯಿಂದ ಈಚೆಗೆ, ನಮ್ಮ ಮನೆಯೂ ಸೇರಿ, ಲೋಟ ಬಾಯಿ ಹತ್ತಿರ ತಂದರೆ ಚರಂಡಿಯ ವಾಸನೆ ಹೊಡೆಯುತ್ತದೆ. ಟೈಲರನ ಮೊಮ್ಮಗಳು ವಾಂತಿಭೇದಿಯಾಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ನೀರು ಸರಬರಾಜು ಕಚೇರಿಯವರು ಮೂಗು ಮುಚ್ಚಿಕೊಂಡು ಬಂದು, ನಿಮ್ಮ ನಿಮ್ಮ ತೊಟ್ಟಿ ತೊಳೆದುಕೊಳ್ಳಿ ಎಂದು ಹೇಳಿ ಹೋದರು. ತೊಟ್ಟಿಯಂತೆ ತೊಟ್ಟಿ!

ನನಗೆ ಪೈಪಿನ ಕೆಲಸ ಕಲಿಸಿದ ನಿಮ್ಮ ತಾತ ಹೇಳುತ್ತಿದ್ದ ಮಾತು ನೆನಪಿದೆಯೇ? 'ಜಾಯಿಂಟ್ ಹಾಕಿದ್ಮೇಲೆ ಒಂದಿನ ನೀರು ತುಂಬ್ಸಿಡು. ಸುತ್ತ ಮಣ್ಣು ಒಣಗೇ ಇದ್ರೆ ಗುಂಡಿ ಮುಚ್ಚು.' ನಾನು ಊಟಕ್ಕೆ ಹೋದಾಗ ನೀನು ಗುಂಡಿಯ ಅಂಚಿನಲ್ಲಿ ಕುಳಿತು, ದೊಡ್ಡ ಮೇಸ್ತ್ರಿಯ ಹಾಗೆ ಕಾವಲು ಕಾಯುತ್ತಿದ್ದೆ. ಈಗ ಗುತ್ತಿಗೆದಾರರಿಗೆ ಅಷ್ಟು ಪುರಸೊತ್ತೆಲ್ಲಿ? ಬೆಳಿಗ್ಗೆ ಅಗೆತ, ಸಂಜೆಗೆ ಡಾಂಬರು.

ಅಳಿಯಂದಿರಿಗೆ ನಮಸ್ಕಾರ ಹೇಳು. ಕೂಸಿನ ಅಂಗಾಲಿಗೆ ತಾತನ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಅಪ್ಪ

ತಾ.ಕ.: ಶುಕ್ರವಾರ ಬರಬೇಡ ಮಗಳೇ. ಕೂಸನ್ನು ಈ ನೀರಿನ ಹತ್ತಿರ ತರಬೇಡ. ಟೈಲರ್ ಅಂಗಡಿಯ ಮುಂದೆ, ಚರಂಡಿ ಪೈಪಿನ ಮಗ್ಗುಲಲ್ಲೇ, ಹೋದ ತಿಂಗಳು ಕುಡಿಯುವ ನೀರಿನ ಜಾಯಿಂಟ್ ಹಾಕಿದವನು ನಾನು. ಗುತ್ತಿಗೆದಾರ ಅವಸರ ಮಾಡಿದ. ನೀರು ತುಂಬಿಸಿ ನೋಡದೆ ಅವತ್ತು ಸಂಜೆಯೇ ಮುಚ್ಚಿಬಿಟ್ಟೆ. ತನ್ನ ಮೊಮ್ಮಗಳನ್ನು ಆಸ್ಪತ್ರೆಯಿಂದ ಕರೆತಂದ ದಿನ ಟೈಲರ್ ನನ್ನೆದುರೇ ಅಂದ: 'ಈ ಕೆಲಸ ಮಾಡ್ದೋನ ಮನೆ ಮಕ್ಕಳೂ ಇದೇ ನೀರು ಕುಡೀಲಿ.' ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಮನೆಗೆ ಬಂದುಬಿಟ್ಟೆ. ಇಷ್ಟು ಹೊತ್ತು ಊರಿಗೆ ಉಗಿದೆನಲ್ಲ, ನನ್ನ ಮೇಲೆ ನನಗೇ ಅದಕ್ಕಿಂತ ಹೇಸಿಗೆಯಾಗಿದೆ. ನಿಮ್ಮಮ್ಮನಿಗೆ ಇನ್ನೂ ಗೊತ್ತಿಲ್ಲ, ಬಟ್ಟೆ ಮಡಿಸುತ್ತಲೇ ಇದ್ದಾಳೆ. ಇದನ್ನು ಅಂಚೆಗೆ ಹಾಕಿ ನೇರ ಟೈಲರನ ಮನೆಗೆ ಹೋಗಿ ಹೇಳುತ್ತೇನೆ. ಆಮೇಲೆ ಗುದ್ದಲಿ ತರುತ್ತೇನೆ. ಯಾರು ಏನೇ ಅನ್ನಲಿ, ಈ ಸಲ ಗುಂಡಿ ಒಂದು ದಿನ ತೆರೆದೇ ಇರುತ್ತದೆ. ಅಂಚಿನಲ್ಲಿ ನಾನೇ ಕೂರುತ್ತೇನೆ.