ನಿನ್ನ ಮೂರು ಹೂವಿನ ಎಳ್ಳು

ಪ್ರೀತಿಯ ಅಕ್ಕಾ,

ನೀನು ತೀರಿಹೋದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದವೇ ತಪ್ಪೊಪ್ಪಿಗೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನೀನು ಸಸ್ಯಶಾಸ್ತ್ರ ಕಲಿಸುತ್ತಿದ್ದ ಸಿಂದಗಿಯ ಕಾಲೇಜಿಗೆ ರಜೆ ಬಂದಾಗಲೆಲ್ಲ ಯಂಕಂಚಿಯ ನಮ್ಮ ಹೊಲಕ್ಕೆ ಬಂದುಬಿಡುತ್ತಿದ್ದೆ. ಒಮ್ಮೆ ಎಳ್ಳಿನ ಗಿಡ ಬಗ್ಗಿಸಿ ಎಲೆಯ ಬುಡ ತೋರಿಸಿದೆ. ನಡುವೆ ಒಂದು ಹೂ, ಆಚೀಚೆ ಸಾಸಿವೆಯಷ್ಟು ಎರಡು ಹಳದಿ ಗಂಟು. ಅವೂ ಹೂವಾಗಬೇಕಿದ್ದ ಮೊಗ್ಗುಗಳೇ, ಅರ್ಧಕ್ಕೆ ನಿಂತು ಇರುವೆಗೆ ಸಿಹಿ ಕೊಡುವ ಗಂಟಾಗಿವೆ ಎಂದೆ. ಎಲ್ಲೋ ಒಂದು ಗಿಡದಲ್ಲಿ ಅವು ನಿಲ್ಲದೆ ಬೆಳೆದು ಮೂರೂ ಹೂವಾಗುತ್ತವಂತೆ. ಅಂಥ ಗಿಡಗಳ ಬೀಜವನ್ನಷ್ಟೇ ವರ್ಷ ವರ್ಷ ಆರಿಸಿ ಗಡಿಗೆಯಲ್ಲಿಟ್ಟೆ. ಇವಳಿಗೆಲ್ಲೋ ಹುಚ್ಚು ಎಂದು ನಾನು ನಕ್ಕಿದ್ದೆ.

ಅವತ್ತೇ ನೀನು ಹೇಳಿದ್ದೆ: “ತಮ್ಮಾ, ಹೂವಿನ ಪಕಳಿ ಅಂದ್ರ ಮೂಲದಾಗ ಎಲಿನ. ಗಿಡ ತನ್ನ ಕಡೆ ಇದ್ದದ್ದನ್ನ ತಿದ್ದಿ ತಿದ್ದಿ ಹೂವು ಮಾಡಿಕೊಂಡೈತಿ. ದಾರಿ ತಪ್ಪಿದ್ರ ತಿರುಗಿ ಎಲಿ ಆಗತೈತಿ.” ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಈ ಮುಂಗಾರಿಗೆ ನಿನ್ನ ಗಡಿಗೆ ಪೂರ್ತಿ ಬರಿದು ಮಾಡಿ ಬಿತ್ತಿದೆ. ಒಂದು ಹಿಡಿ ತೆಗೆದಿಡಬೇಕಿತ್ತು, ಗೊತ್ತು... ಹೂ ಬಿಡುವ ಹೊತ್ತಿಗೆ ಒಂದು ಗಿಡದಲ್ಲಿ ಬಿಳಿ ಹೂವಿನ ಬದಲು ಹಸಿರು ಗೊಂಚಲು ಬಂತು. ಎಷ್ಟು ಸೊಂಪಾಗಿತ್ತು! ನೀನೇ ಕಳಿಸಿದ್ದು ಅನ್ನಿಸಿ ಕಣ್ಣು ತುಂಬಿತು. ನನ್ನ ಹೆಂಡತಿ ಶಾಂತಾ ಅದಕ್ಕೆ ಕುಂಕುಮ ಹಚ್ಚಿ, “ಅಕ್ಕಾರ ಗಿಡ ಐತಿ, ಕೀಳಬ್ಯಾಡ್ರಿ” ಎಂದಳು. ನಾನೂ ಕೀಳಲಿಲ್ಲ.

ಹದಿನೈದು ದಿನದಲ್ಲಿ ಅದರ ಸುತ್ತಲಿನ ಸಾಲುಗಳೆಲ್ಲ ಹಾಗೇ ಆದವು. ನೋಡಲು ಬಂದ ಕೃಷಿ ಸಹಾಯಕರು, ಇದು ರೋಗ, ಜಿಗಿಹುಳು ಆ ಗಿಡದ ರಸ ಹೀರಿ ಉಳಿದವಕ್ಕೆ ಹಂಚಿದೆ ಎಂದರು. ಪಕಳೆ, ಕೇಸರ, ಕಾಯಾಗಬೇಕಿದ್ದ ಭಾಗ ಎಲ್ಲವೂ ಎಲೆ. ಕಾಳು ಕಟ್ಟುವುದಿಲ್ಲ. ನೀನು ಹೇಳಿದ ದಾರಿಯಲ್ಲೇ ಅವು ಹಿಂದಕ್ಕೆ ಹೋಗಿದ್ದವು. ನಾವು ಕುಂಕುಮ ಹಚ್ಚಿದ್ದು ಯಾವುದಕ್ಕೆ ಅಕ್ಕಾ?

ರೋಗ ಹೊಲವೆಲ್ಲ ಹಬ್ಬಿತ್ತು, ನಿನ್ನೆಗೆ ಕಿತ್ತು ಸುಡುವುದು ಮುಗಿಯಿತು. ಬದುವಿನ ಪಕ್ಕ ಒಂದೇ ಗಿಡ ಉಳಿದಿದೆ, ಎಲೆಯ ಬುಡದಲ್ಲಿ ಮೂರು ಮೂರು ಕಾಯಿ. ಇನ್ನೂ ಎಳೆಯವು, ಬಲಿಯಲು ದಿನ ಬೇಕು. ನಿನ್ನ ಬೀಜ ಅಂತ ಉಳಿದಿರುವುದು ಅಷ್ಟೇ. ಅದರ ತುದಿಯಲ್ಲಿ ಇವತ್ತು ಹೊಸ ಮೊಗ್ಗು ಬಂದಿವೆ, ಹಸಿರಾಗಿ. ಮೊಗ್ಗು ಮೊದಲು ಹಸಿರೇ ಅಲ್ಲವೇ? ಅಲ್ಲವೇ ಅಕ್ಕಾ?

ನಾಳೆ ಬಿಚ್ಚುತ್ತವೆ. ಬಿಳಿಯಾದರೆ ಕಾಯುತ್ತೇನೆ. ಸುತ್ತಲ ಹೊಲದವರ ಎಳ್ಳೂ ಈಗ ಹೂ ಬಿಟ್ಟಿದೆ, ರೋಗ ಅಲ್ಲಿಗೆ ದಾಟಬಾರದು. ಎಲೆಯಾದರೆ ಕಾಯಿ ಸಮೇತ ನಾನೇ ಕೀಳುತ್ತೇನೆ. ಈ ಸಲ ನಿನ್ನ ಹೆಸರಿಗೂ ಕೈ ತಡೆಯುವುದಿಲ್ಲ.

ನಿನ್ನ ತಮ್ಮ