ಬೇವಿನ ಸೊಪ್ಪು ಕೀಳಿಸಿದ ಪಾಲಾಕ್ಷಪ್ಪನವರಿಗೆ

ಚಳ್ಳಕೆರೆ,
೨೧೬೧ನೇ ಇಸವಿ, ಹದಿಮೂರನೆಯ ತಿಂಗಳು, ತಾರೀಖು ಒಂಬತ್ತು

ಪಾಲಾಕ್ಷಪ್ಪನವರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ನಡುವೆ ಅರ್ಥವಾಗದ ಮಾತು ಬಂದರೆ ಕ್ಷಮಿಸಿ. ಕ್ಷಮೆ ಕೇಳುತ್ತಿರುವುದು ಪದಗಳಿಗೆ ಮಾತ್ರ, ನನ್ನ ಸಿಟ್ಟಿಗಲ್ಲ. ಕ್ಷೇಮವೇ ಎಂದೂ ವಿಚಾರಿಸುವುದಿಲ್ಲ.

ನಮ್ಮಲ್ಲಿ ಪ್ರತಿ ಮನೆಯ ಹೊಸ್ತಿಲಲ್ಲೂ ಉಸಿರುಗನ್ನಡಿ ಇರುತ್ತದೆ. ಬಂದವರು ಅದರ ಮೇಲೆ ಉಸಿರು ಬಿಡುತ್ತಾರೆ. ಮೈಯಲ್ಲಿ ಸೋಂಕಿದ್ದರೆ ಅದು ಹಳದಿಯಾಗುತ್ತದೆ. ಹಾಗಾದವರು ನಾಚಿಕೊಳ್ಳದೆ ಜಗಲಿಯಲ್ಲೇ ಕೂತು ಉಂಡು ಹೋಗುತ್ತಾರೆ. ಯಕೃತ್ತನ್ನೋ ಮೂತ್ರಪಿಂಡವನ್ನೋ ಬೇರೆಯವರಿಂದ ಪಡೆದ ಮಕ್ಕಳನ್ನು ಕಸಿಮಕ್ಕಳು ಎನ್ನುತ್ತೇವೆ. ರೋಗ ಮುಚ್ಚಿಟ್ಟು ಅಂಥ ಮಗುವನ್ನು ಮನೆಗೆ ಕರೆಯುವುದಕ್ಕೆ ಒಂದು ಕ್ರಿಯಾಪದವಿದೆ: ಪಾಲಾಕ್ಷಿಸು. ನಿಘಂಟಿಗೆ ಸೇರಿಸಿದವಳು ನಾನೇ. ಶಾಲೆಯ ಮಕ್ಕಳು ಜಗಳದಲ್ಲಿ ಅದನ್ನು ಬೈಗುಳವಾಗಿ ಬಳಸುವುದು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಬರುವ ಭಾನುವಾರ ನಿಮ್ಮ ಮಗಳ ನಿಶ್ಚಿತಾರ್ಥ. ನಿಮ್ಮ ಮೊಮ್ಮಗಳಿಗೆ ಅಮ್ಮ ಆಗಿದೆ. ಡಾಕ್ಟರು ಅದನ್ನು ಚಿಕನ್‌ಪಾಕ್ಸ್ ಎನ್ನುತ್ತಾರೆ. ನಿಮ್ಮ ಹೆಂಡತಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. “ಗಂಡಿನ ಕಡೇರು ನೋಡಿದ್ರೆ ವಾಪಸ್ ಹೋಗ್ತಾರೆ ಕಣೆ, ಕಿತ್ತಾಕು ಅತ್ಲಾಗೆ” ಎಂದು ನೀವು ನಿನ್ನೆ ಕೀಳಿಸಿದ್ದೀರಿ. ಮೊಮ್ಮಗಳನ್ನು ಹಿಂದಿನ ಕೋಣೆಗೆ ಸೇರಿಸಿದ್ದೀರಿ. ಇದನ್ನೆಲ್ಲ ಆ ಮೊಮ್ಮಗಳೇ ಮುದುಕಿಯಾದ ಮೇಲೆ ನಮ್ಮ ಮನೆಯವರಿಗೆ ಅಳುತ್ತಾ ಹೇಳಿದಳು.

ಭಾನುವಾರ ನಿಮ್ಮ ತಂಗಿಯ ಮಗಳು ಶಿವಲೀಲಾ ತನ್ನ ಐದು ವರ್ಷದ ಇಂಪನಾಳನ್ನು ಕರೆತರುತ್ತಾಳೆ. ಎಂಟು ತಿಂಗಳ ಹಿಂದೆ ಆ ತಾಯಿ ತನ್ನ ಯಕೃತ್ತಿನ ತುಂಡನ್ನೇ ಮಗಳಿಗೆ ಕೊಟ್ಟಿದ್ದಾಳೆ. ಅದನ್ನು ಮೈ ತಿರಸ್ಕರಿಸದಿರಲೆಂದು ಮಗು ನುಂಗುವ ಮಾತ್ರೆಗಳು ಸೋಂಕಿನೊಡನೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತವೆ. ನಿಮಗಿದು ಗೊತ್ತು, ಎಳನೀರು ಹಿಡಿದು ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರು ನಿಮ್ಮೆದುರೇ ಹೇಳಿದ್ದರು. ಇಂಪನಾ ಹಿಂದಿನ ಕೋಣೆಗೆ ಹೋಗಿ ನಿಮ್ಮ ಮೊಮ್ಮಗಳೊಡನೆ ಚೌಕಾಬಾರ ಆಡುತ್ತಾಳೆ. ಮೂರನೆಯ ದಿನ ಶಿವಲೀಲಾ ಅನುಮಾನದಿಂದ ಫೋನ್ ಮಾಡುತ್ತಾಳೆ. ಆಗ ನಿಜ ಹೇಳಿದರೂ ಕಾಪಾಡುವ ಚುಚ್ಚುಮದ್ದಿಗೆ ಸಮಯವಿರುತ್ತದೆ. “ನಮ್ಮನೇಲಿ ಯಾರ್ಗೂ ಏನೂ ಇಲ್ಲ ಕಣಮ್ಮ” ಎನ್ನುತ್ತೀರಿ. ಎರಡು ವಾರಕ್ಕೆ ಮೈತುಂಬ ಬೊಬ್ಬೆ, ಆಮೇಲೆ ಶ್ವಾಸಕೋಶ, ಆಮೇಲೆ ತಾಯಿ ಕೊಟ್ಟ ಆ ತುಂಡು. ಇಪ್ಪತ್ತೆರಡನೆಯ ದಿನ ಮಗು ಸಾಯುತ್ತದೆ.

ಈಗಲೇ ಶಿವಲೀಲಾಗೆ ಫೋನ್ ಮಾಡಿ ನಿಜ ಹೇಳಿ, ಬರಬೇಡ ಎನ್ನಿ. ಸುದ್ದಿ ಹರಡಿ ಮಗಳ ಸಂಬಂಧ ಮುರಿದರೆ ಮುರಿಯಲಿ.

ಇಂಪನಾ ಸತ್ತ ದುಃಖಕ್ಕೆ ಅವಳ ಅಪ್ಪ ಅಮ್ಮ ಹೆತ್ತ ಇನ್ನೊಂದು ಮಗುವಿನ ಮರಿಮಗಳು ನಾನು. ಅವಳು ಉಳಿದರೆ ನಾನಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ನೀವು ಬಾಯಿಬಿಡದಿದ್ದರೆ ಮಾತ್ರ ನಾನು ಹುಟ್ಟುತ್ತೇನೆ, ಪಾಲಾಕ್ಷಪ್ಪನವರೇ. ಹುಟ್ಟಿದ ಮೇಲೆ ನಿಮ್ಮನ್ನು ಬಿಡುವುದಿಲ್ಲ.