ಕೆಂಪು ಪೆನ್ಸಿಲಿನ ನಡುಕ

ಅಪ್ಪಾ,

ತಿಂಡಿಯಾದ ಮೇಲೆಯೇ ಗುಳಿಗೆ ನುಂಗಿ. ಮಫ್ಲರ್ ತೆಗೆಯಬೇಡಿ; ಗಾಂಧಿಬಜಾರು ಇನ್ನೂ ಮಂಜಿನೊಳಗಿದೆ.

ನಿನ್ನೆಯ ಪದಬಂಧವನ್ನು ಈಗಷ್ಟೇ ನೋಡಿದೆ. ‘ಮಾಗಿಯ ಬೆಳಗಿನಲ್ಲಿ ಮೈಯನ್ನು ಬಿಡದು, ಮೂರಕ್ಷರ.’ ನಾನು ‘ಕಂಬಳಿ’ ಎಂದು ತುಂಬಿದ್ದೆ. ಅದನ್ನು ಹೊಡೆದುಹಾಕಿ, ಕೆಂಪು ಪೆನ್ಸಿಲಿನಲ್ಲಿ ‘ನಡುಕ’ ಎಂದು ಬರೆದಿದೆ.

“ನೀನೇ ಬರೆದು ಆಟ ಆಡ್ತಿದೀಯೇನೇ?” ಎಂದಳು ಅಮ್ಮ. ಸೊಟ್ಟ ಅಕ್ಷರಗಳನ್ನು ಹತ್ತಿರದಿಂದ ನೋಡಿದವಳು ಹಾಗೆಯೇ ಕುಳಿತುಬಿಟ್ಟಳು.

ನಿಮಗೆ ಲಕ್ವ ಹೊಡೆದ ಮೇಲೆ ಓದು-ಬರಹ ಮರಳುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ನೀವೋ, ಎಡಗೈಯಲ್ಲಿ ನನ್ನ ತಪ್ಪನ್ನು ತಿದ್ದಿದ್ದೀರಿ, ಮತ್ತೆ ಮೇಷ್ಟರಾಗಿ. ಆ ಕಾಗದವನ್ನು ಮುಟ್ಟಲೂ ನನಗೆ ಭಯಭಕ್ತಿ.

ಇಂದಿನ ಪದಬಂಧ ದಿಂಬಿನ ಪಕ್ಕದಲ್ಲಿದೆ. ಅದರಲ್ಲೂ ಒಂದು ತಪ್ಪು ಮಾಡಿಟ್ಟಿದ್ದೇನೆ. ಸುಮ್ಮನೆ ಬಿಡಬೇಡಿ.

ಕೋಕಿಲಾ